ಕೇರಿಯ ಜೀರ್ಣೋದ್ಧಾರ

ಹಳೆಯ ದೇವಾಲಯವೊಂದರ ಜೀರ್ಣೋದ್ಧಾರಕ್ಕೆ ಕೈಹಾಕುವ ಮುನ್ನ ನಮ್ಮ ಕರಾವಳಿಯ ತಂತ್ರಿಗಳು ತಪ್ಪದೆ ನಡೆಸುವ ಕ್ರಿಯೆಯೊಂದುಂಟು. ಗರ್ಭಗೃಹದ ಬಿಂಬದಲ್ಲಿ ನೆಲೆಸಿರುವ ದೇವತಾಕಲೆಯನ್ನು ಮಂತ್ರಪೂರ್ವಕವಾಗಿ ಕುಂಭದ ಜಲಕ್ಕೆ ಆಕರ್ಷಿಸಿ, ಆ ಕುಂಭವನ್ನು ಬಾಲಾಲಯವೆಂಬ ತಾತ್ಕಾಲಿಕ ಗುಡಿಗೆ ಒಯ್ದು, ಕಾಮಗಾರಿ ಒಂದು ವರ್ಷ ನಡೆಯಲಿ ಹತ್ತು ವರ್ಷ ನಡೆಯಲಿ, ನಿತ್ಯಪೂಜೆಗೆ ಒಂದು ಹೊತ್ತಿನ ಲೋಪವೂ ಬಾರದಂತೆ ನೋಡಿಕೊಂಡು, ಕಡೆಗೆ ಬ್ರಹ್ಮಕಲಶದ ಮುಹೂರ್ತದಲ್ಲಿ ಅದೇ ಕಲೆಯನ್ನು ಅದೇ ಸ್ಥಾನಕ್ಕೆ ಮರಳಿ ತರುವರು. ಈ ನಡುವೆ ಕಲ್ಲು ಬದಲಾಗಬಹುದು, ಗೆದ್ದಲು ಹಿಡಿದ ಮುಚ್ಚಿಗೆ ಹೋಗಿ ಹೊಸತು ಬರಬಹುದು, ಹಂಚಿನ ಮಾಡು ತಾಮ್ರದ ಮಾಡಾಗಬಹುದು. ಆಗಮಕ್ಕೆ ಅದರಿಂದ ಬಾಧಕವಿಲ್ಲ. ಹೊರಗೆ ಹೋದ ಕಲೆ ಹಿಂದಿರುಗದೆ ಉಳಿಯಿತೆಂದರೆ ಮಾತ್ರ, ಗೋಡೆಗಳು ಎಷ್ಟೇ ಯಥಾಸ್ಥಿತಿಯಲ್ಲಿರಲಿ, ಅಲ್ಲಿ ನಡೆದದ್ದು ಜೀರ್ಣೋದ್ಧಾರವೆನಿಸದು.

ದೇವಾಲಯಗಳಿಲ್ಲದ ದೋಹಾ ನಗರದಲ್ಲಿ ಕುಳಿತು ಈ ವಿಧಿಯನ್ನು ನೆನೆಯುವುದಕ್ಕೆ ಕಾರಣವುಂಟು. ಕಳೆದ ಎರಡು ದಶಕಗಳಲ್ಲಿ ಕತಾರ್ ರಾಷ್ಟ್ರವು ತನ್ನ ಹಳೆಯ ಕೇರಿಗಳ ವಿಷಯದಲ್ಲಿ ಅಸಾಧಾರಣವಾದ ಕಾಳಜಿಯನ್ನೂ ಅದಕ್ಕೆ ತಕ್ಕ ದ್ರವ್ಯವನ್ನೂ ವ್ಯಯಿಸಿದೆ. ಅದೇ ಅವಧಿಯಲ್ಲಿ, ಯಾವ ಬಗೆಯ ಕಟ್ಟಡ ಎಲ್ಲಿ ನಿಲ್ಲತಕ್ಕದ್ದು, ಯಾವ ಬಗೆಯ ಮನುಷ್ಯ ಎಲ್ಲಿ ಮಲಗತಕ್ಕದ್ದು ಎಂಬ ನಿಯಮಗಳೂ ಬಿಗಿಯಾಗುತ್ತ ಬಂದಿವೆ. ಇವೆರಡಕ್ಕೂ ಆಧಾರವಾಗಿರುವ ಮಾತು ಒಂದೇ: ಕೇರಿಯ ಸ್ವಭಾವ ಕೆಡಕೂಡದು. ಕೇಳುವುದಕ್ಕೆ ನಿರುಪದ್ರವಿಯಾದ ಈ ಮಾತಿನೊಳಗೆ ತತ್ತ್ವಶಾಸ್ತ್ರದ ಬಹು ಹಳೆಯ ತೊಡಕೊಂದು ಅಡಗಿ ಕುಳಿತಿದೆ. ಗುಣವೆಂಬುದು ದ್ರವ್ಯದ ಆಶ್ರಯವಿಲ್ಲದೆ ನಿಲ್ಲದೆಂದು ವೈಶೇಷಿಕರು ಹೇಳಿದರು; ಹಾಗಾದರೆ ಕೇರಿಯ ಗುಣಕ್ಕೆ ಆಶ್ರಯವಾದ ದ್ರವ್ಯ ಯಾವುದು? ಗೋಡೆಯೆ, ನೆಲವೆ, ನಿವಾಸಿಯೆ, ಅಥವಾ ನಿವಾಸಿಗಳ ನಡುವಣ ನಡೆವಳಿಕೆಯೆ? ತಾರ್ಕಿಕರು ಶತಮಾನಗಳ ಕಾಲ ಜಗಳವಾಡಬಹುದಾದ ಈ ಪ್ರಶ್ನೆಯನ್ನು ಪುರಸಭೆಯ ಎಂಜಿನಿಯರು ನಕ್ಷೆಯ ಮೇಲೆ ಬಣ್ಣ ಹಚ್ಚುವಾಗ ದಿನನಿತ್ಯ ಬಗೆಹರಿಸುತ್ತಾನೆ. ತಾನು ಬಗೆಹರಿಸುತ್ತಿರುವುದು ಏನೆಂಬುದರ ಅರಿವು ಅವನಿಗೆ ಇರಬೇಕೆಂಬ ನಿರ್ಬಂಧವೇನೂ ಇಲ್ಲ.

ಎಣ್ಣೆ ದೊರೆಯುವುದಕ್ಕೆ ಮುಂಚಿನ ದೋಹಾ ಮುತ್ತು ಮತ್ತು ಮೀನುಗಳಿಂದ ಬದುಕಿದ ಸಣ್ಣ ಊರು. ಅಲ್ಲಿನ ಕೇರಿಗೆ ಫರೀಜ್ ಎಂದು ಹೆಸರು. ಸಲತಾ, ಹಿತ್ಮಿ, ಅಸ್ಮಖ್, ಜಸ್ರಾ ಎಂದು ಕುಲದ ಅಥವಾ ಮನೆತನದ ಹೆಸರನ್ನೋ ನೆಲದ ಹೆಸರನ್ನೋ ಹೊತ್ತ ಈ ಕೇರಿಗಳಲ್ಲಿ ಮನೆಗಳು ಒಂದಕ್ಕೊಂದು ಗೋಡೆ ಕೂಡಿಸಿಕೊಂಡು ನಿಂತಿದ್ದವು. ಸಮುದ್ರದಿಂದ ತೆಗೆದ ಹವಳದ ಕಲ್ಲು, ಅದರ ಮೇಲೆ ಜಿಪ್ಸಮ್ಮಿನ ಗಾರೆ. ಚಾವಣಿಗೆ ಪೂರ್ವ ಆಫ್ರಿಕದ ಕರಾವಳಿಯಿಂದ ಹಾಯಿಹಡಗಿನಲ್ಲಿ ಬಂದ ಕಾಂಡ್ಲಾ ಮರದ ತೊಲೆ, ತೊಲೆಗಳ ಮೇಲೆ ಬಿದಿರಿನ ದಬ್ಬೆ, ಅದರ ಮೇಲೆ ಚಾಪೆ, ಚಾಪೆಯ ಮೇಲೆ ಹುಲ್ಲು ಬೆರೆಸಿ ಕಲಸಿದ ಮಣ್ಣು. ಕಾಂಡ್ಲಾ ಮರ ಎಷ್ಟು ಉದ್ದಕ್ಕೆ ನೆಟ್ಟಗೆ ಬೆಳೆಯುವುದೋ ಅಷ್ಟೇ ಕೋಣೆಯ ಅಗಲ. ಶ್ರೀಮಂತನು ಕೋಣೆಯನ್ನು ಉದ್ದ ಮಾಡಬಹುದಾಗಿತ್ತು, ಅಗಲ ಮಾಡುವುದು ಅವನ ಕೈಯಲ್ಲಿರಲಿಲ್ಲ. ಆಫ್ರಿಕದ ಯಾವುದೋ ಹಿನ್ನೀರಿನ ಮರವೊಂದು ದೋಹಾದ ಧನಿಕನು ಅತಿಥಿಗಳನ್ನು ಕೂರಿಸುವ ಮಜ್ಲಿಸಿಗೆ ಅಳತೆಗೋಲಾಗಿತ್ತೆಂಬುದನ್ನು ನೆನೆದಾಗ, ಸ್ಥಳೀಯವೆಂದು ನಾವು ಕೊಂಡಾಡುವ ಸ್ವಭಾವಗಳಲ್ಲಿ ಎಷ್ಟು ಪಾಲು ಹಡಗಿನಿಂದ ಇಳಿದದ್ದೆಂಬ ಕುತೂಹಲ ಮೂಡದಿರದು.

ಈ ಕೇರಿಗಳಿಗೆ ಲಿಖಿತವಾದ ವಲಯನಿಯಮವಿರಲಿಲ್ಲ. ಆದರೆ ನಿಯಮವೇ ಇರಲಿಲ್ಲವೆನ್ನಲಾಗದು. ಯಾರೂ ಯಾರಿಗೂ ಹಾನಿಮಾಡತಕ್ಕುದಲ್ಲ, ಹಾನಿಗೆ ಪ್ರತಿಯಾಗಿಯೂ ಹಾನಿ ಸಲ್ಲದೆಂಬ ಪ್ರವಾದಿವಚನವನ್ನು ಮೂಲಸೂತ್ರವಾಗಿಟ್ಟುಕೊಂಡು ಇಸ್ಲಾಮಿ ಧರ್ಮಜ್ಞರು ನೆರೆಹೊರೆಯ ಸೂಕ್ಷ್ಮ ವ್ಯವಹಾರಗಳನ್ನೆಲ್ಲ ತೀರ್ಮಾನಿಸಿದರು. ನನ್ನ ಮಾಳಿಗೆಯ ಕಿಟಕಿ ನಿನ್ನ ಅಂಗಳವನ್ನು ನೋಡಕೂಡದು. ನನ್ನ ಮನೆಯ ಬಾಗಿಲು ಎದುರುಮನೆಯ ಬಾಗಿಲಿಗೆ ನೇರವಾಗಿ ತೆರೆಯಕೂಡದು. ನನ್ನ ಮನೆಯ ಹೊಗೆ ನಿನ್ನ ಉಸಿರಿಗೆ ತೊಂದರೆಯಾಗಕೂಡದು. ಬೀದಿಯ ಕಡೆ ಕಿಟಕಿಯಿಲ್ಲದ ಗೋಡೆ, ಒಳಗೆ ಕಾಲಿಟ್ಟೊಡನೆ ಮುರಿಯುವ ಪ್ರವೇಶಮಾರ್ಗ, ಹೆಂಗಸರ ಅಂಗಳವನ್ನು ದಾಟದೆಯೇ ಅತಿಥಿ ತಲುಪಬಹುದಾದ ಮಜ್ಲಿಸು, ಇವೆಲ್ಲ ಈ ಕರ್ತವ್ಯಗಳ ಘನೀಭೂತವಾದ ಆಕಾರ. ನೆರೆಯವನ ಹಕ್ಕನ್ನು ದೇವದೂತ ಜಿಬ್ರೀಲನು ಎಷ್ಟು ಸಲ ಒತ್ತಿಹೇಳಿದನೆಂದರೆ, ಆಸ್ತಿಯಲ್ಲಿಯೂ ನೆರೆಯವನಿಗೆ ಪಾಲು ಕೊಡಿಸುವನೇನೋ ಎಂದು ತಮಗೆ ತೋರಿತೆಂದು ಪ್ರವಾದಿಗಳು ಹೇಳಿದ ಪ್ರಸಿದ್ಧ ಹದೀಸೊಂದಿದೆ. ಇಲ್ಲಿ ನಿಯಮ ಹುಟ್ಟುವುದು ಇಬ್ಬರು ಮನುಷ್ಯರ ನಡುವೆ. ಆಕಾರ ಅದನ್ನು ಹಿಂಬಾಲಿಸುವುದು. ಈಗಿನ ನಗರಯೋಜನೆಯಲ್ಲಿ ಕ್ರಮ ತಲೆಕೆಳಗಾಗಿದೆ. ಆಕಾರವನ್ನು ಮೊದಲು ನಿಶ್ಚಯಿಸಿ, ಅದಕ್ಕೆ ಹೊಂದುವ ಮನುಷ್ಯನನ್ನು ಆಮೇಲೆ ಹುಡುಕಲಾಗುತ್ತದೆ.

1949ರಲ್ಲಿ ಎಣ್ಣೆಯ ರಫ್ತು ಮೊದಲಾಯಿತು. 1970ರ ದಶಕದಲ್ಲಿ ಲೆವೆಲಿನ್ ಡೇವಿಸ್ ಎಂಬ ಬ್ರಿಟಿಷ್ ಸಂಸ್ಥೆಯ ಯೋಜನೆಯಂತೆ ವರ್ತುಲರಸ್ತೆಗಳು ಮೂಡಿದವು. ಸರ್ಕಾರ ಕೊಟ್ಟ ವಿಶಾಲವಾದ ನಿವೇಶನಗಳಿಗೆ ಕತಾರಿ ಕುಟುಂಬಗಳು ಹೊರಟುಹೋದವು. ಖಾಲಿಯಾದ ಹಳೆಯ ಮನೆಗಳಿಗೆ ಬಾಡಿಗೆಗೆ ಬಂದವರು ನಮ್ಮವರು, ಅಂದರೆ ಮಲೆಯಾಳಿಗಳು, ಪಾಕಿಸ್ತಾನಿಗಳು, ಬಂಗಾಳಿಗಳು, ನೇಪಾಳಿಗಳು, ಅವರ ನಡುವೆ ಮಂಗಳೂರು ಉಡುಪಿ ಭಟ್ಕಳಗಳ ಕಡೆಯ ಕೆಲವರು. ಮುಂದಿನ ದಶಕಗಳಲ್ಲಿ ಮುಶೇರಿಬ್ ಮತ್ತು ಅಸ್ಮಖ್ ಕೇರಿಗಳನ್ನು, ಪ್ಲೈವುಡ್ಡಿನ ತೇಪೆ ಹಾಕಿಯೋ ತಗಡು ಹೊದಿಸಿಯೋ, ಬೀಳದಂತೆ ಹಿಡಿದು ನಿಲ್ಲಿಸಿದ್ದವರು ಇವರೇ. ಅಂಗಳದಲ್ಲಿ ಅಡ್ಡಹಗ್ಗದ ಮೇಲೆ ಒಣಗುವ ಲುಂಗಿ, ಹಿಂದೊಮ್ಮೆ ಮಜ್ಲಿಸಾಗಿದ್ದ ಕೋಣೆಯಲ್ಲಿ ಎರಡಂತಸ್ತಿನ ಕಬ್ಬಿಣದ ಮಂಚಗಳು, ಗಾರೆಯ ಕೆತ್ತನೆಯ ಗೂಡಿನೊಳಗೆ ಒಬ್ಬನ ಕ್ಷೌರದ ಸಾಮಾನು, ಇನ್ನೊಬ್ಬನ ಮಗಳ ಚಿತ್ರ. ಪುರಾತತ್ತ್ವಜ್ಞನಿಗೆ ಇದು ಸ್ಮಾರಕದ ಮೇಲೆ ಕೂತ ಧೂಳಾಗಿ ಕಂಡಿದ್ದರೆ ಅವನನ್ನು ದೂರುವಂತಿಲ್ಲ. ಆದರೆ ಆಗಮದ ಭಾಷೆಯಲ್ಲಿ ಹೇಳುವುದಾದರೆ, ನಿತ್ಯಪೂಜೆ ನಡೆಯುತ್ತಿದ್ದದ್ದು ಅಲ್ಲಿಯೇ.

ಸೂಕ್ ವಾಖಿಫ್ ಪೇಟೆಯ ಕಥೆ ಪ್ರತ್ಯೇಕವಾಗಿ ವಿಚಾರಿಸತಕ್ಕುದು. ಮುಶೇರಿಬ್ ಹಳ್ಳದ ದಡದಲ್ಲಿ ಬೆಳೆದ ಈ ಪೇಟೆ 2003ರ ಬೆಂಕಿಯಲ್ಲಿ ಬಹಳ ನಷ್ಟಕ್ಕೊಳಗಾದ ಮೇಲೆ, ಕಲಾವಿದ ಮೊಹಮದ್ ಅಲಿ ಅಬ್ದುಲ್ಲಾ ಅವರ ನೇತೃತ್ವದಲ್ಲಿ ಪುನಃ ಎದ್ದಿತು. ಹಳೆಯ ಛಾಯಾಚಿತ್ರಗಳನ್ನೂ ಮುದುಕರ ನೆನಪನ್ನೂ ಆಧಾರವಾಗಿ ಹಿಡಿದು, ನಡುವೆ ಎದ್ದಿದ್ದ ಸಿಮೆಂಟಿನ ಕಟ್ಟಡಗಳನ್ನು ಕೆಡವಿ, ತಗಡಿನ ಮಾಡನ್ನು ತೆಗೆದು, ಮರದ ತೊಲೆ ಬಿದಿರು ಮಣ್ಣುಗಳ ಚಾವಣಿಯನ್ನೇ ಮತ್ತೆ ಹಾಕಿದರು. ಇದು ಹಳೆಯ ಪೇಟೆಯೆ, ಹಳೆಯದರಂತೆ ಕಾಣುವ ಹೊಸ ಪೇಟೆಯೆ? ವೇದಾಂತಿಗಳು ಬಳಸುವ ಉದಾಹರಣೆಯೊಂದಿದೆ: ಹಿಂದೊಮ್ಮೆ ಬೇರೆ ಊರಿನಲ್ಲಿ ಕಂಡ ದೇವದತ್ತನನ್ನು ಈಗ ಇಲ್ಲಿ ಕಂಡು, ಆ ದೇವದತ್ತನೇ ಇವನೆಂದು ಗುರುತಿಸುವಾಗ, ಆ ಕಾಲ ಆ ದೇಶ ಈ ಕಾಲ ಈ ದೇಶಗಳೆಂಬ ಪರಸ್ಪರ ವಿರುದ್ಧವಾದ ಅಂಶಗಳನ್ನೆಲ್ಲ ಬಿಟ್ಟು ಉಳಿಯುವ ವ್ಯಕ್ತಿಮಾತ್ರವನ್ನು ನಾವು ಹಿಡಿಯುತ್ತೇವೆ. ಸೂಕ್ ವಾಖಿಫಿನಲ್ಲಿ ಹಾಗೆ ಉಳಿಯುವುದು ಗೋಡೆಯಲ್ಲ, ಅದರಲ್ಲಿ ಬಹುಪಾಲು ಹೊಸತು. ಉಳಿದಿರುವುದು ಕೊಳ್ಳುವ ಮಾರುವ ವೃತ್ತಿ. ಮಸಾಲೆಯ ಮೂಟೆಗಳ ನಡುವೆ ಕೆಂಗಂದು ಬಣ್ಣದ ಮೇಲಂಗಿ ತೊಟ್ಟ ವಯಸ್ಸಾದ ಹಮಾಲಿ ಒಂಟಿಚಕ್ರದ ಕೈಗಾಡಿಯನ್ನು ತಳ್ಳುತ್ತ, ದಾರಿ ಬಿಡಿರೆಂದು ಕೂಗುತ್ತ ಬರುತ್ತಾನೆ. ಅವನ ಗಾಡಿಯಲ್ಲಿ ಪ್ರವಾಸಿಯ ಮಗು ಕುಳಿತಿರುವುದೂ ಉಂಟು, ಹತ್ತು ಕಿಲೋ ಅಕ್ಕಿ ಇರುವುದೂ ಉಂಟು. ಅಕ್ಕಿ ಇರುವವರೆಗೆ ಅದು ಪೇಟೆಯೆಂದೇ ನನ್ನ ಮತ. ಈ ಕಾರ್ಯ 2010ರಲ್ಲಿ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿಯ ಅಂತಿಮ ಪಟ್ಟಿಗೆ ಏರಿದ್ದು ಅನ್ಯಾಯವೇನಲ್ಲ. ಹೋಲಿಕೆಗೆ ಪಶ್ಚಿಮತೀರದ ಝಕ್ರೀತಿನ ಹತ್ತಿರ ಚಿತ್ರೀಕರಣಕ್ಕಾಗಿ ಕಟ್ಟಿದ ಹಳ್ಳಿಯೊಂದಿದೆ. ಮಣ್ಣುಬಣ್ಣದ ಗೋಡೆ, ಗೋಪುರ, ಅಂಗಳ, ಎಲ್ಲ ಲಕ್ಷಣಗಳೂ ಇವೆ, ಯಾರೂ ಎಂದೂ ಅಲ್ಲಿ ಬಾಳಲಿಲ್ಲ. ಆಕಾರವೇ ಸ್ವಭಾವವಾಗಿದ್ದರೆ ಕತಾರಿನ ಪರಿಪೂರ್ಣ ಗ್ರಾಮ ಅದೇ ಆಗಬೇಕಿತ್ತು.

ಮುಶೇರಿಬಿನ ಗತಿ ಬೇರೆಯಾಯಿತು. ಸೂಕಿಗೆ ಹೊಂದಿಕೊಂಡ 31 ಹೆಕ್ಟೇರು ಪ್ರದೇಶವನ್ನು ಸಾರಾಸಗಟಾಗಿ ತೆರವುಮಾಡಿ 2010ರಿಂದೀಚೆಗೆ ಹೊಸ ನಗರಕೇಂದ್ರವನ್ನು ಕಟ್ಟಿದರು. ದೋಹಾದಲ್ಲಿ ಮೊದಲು ವಿದ್ಯುತ್ತು ಬಂದ ಬೀದಿಯೆಂದು ಹೆಸರಾದ ಕಹ್ರಬಾ ಬೀದಿಯ ಹೆಸರು ಉಳಿಯಿತು, ಅಂಗಡಿಗಳು ಹೋದವು. ಯೋಜಕರು ಹಳೆಯದನ್ನು ಉಳಿಸಿದೆವೆಂದು ಹೇಳಿಕೊಳ್ಳಲಿಲ್ಲ, ಹಳೆಯದರಿಂದ ಕಲಿತೆವೆಂದರು. ಅದು ಪ್ರಾಮಾಣಿಕವಾದ ಮಾತು. ಇಕ್ಕಟ್ಟಾದ ಓಣಿಗಳು ಒಂದಕ್ಕೊಂದು ನೆರಳು ಕೊಡುತ್ತವೆ, ಕಡಲಗಾಳಿ ಬೀದಿಗಳಲ್ಲಿ ಸುಳಿಯುತ್ತದೆ, ಮೇ ತಿಂಗಳಲ್ಲಿಯೂ ಒಬ್ಬ ಮನುಷ್ಯ ಒಂದಿಷ್ಟು ದೂರ ನಡೆಯಬಹುದು. ನಡೆಯುವವರು ಯಾರೆಂಬುದು ಬೇರೆ ಪ್ರಶ್ನೆ. ಹಿಂದಿನ ಬಾಡಿಗೆದಾರನು ಈಗ ಅಲ್ಲಿಗೆ ಬಂದರೆ ಕಾಫಿಯ ಬೆಲೆ ನೋಡಿ ಬಂದ ದಾರಿ ಹಿಡಿಯುವನು.

ಆ ಪ್ರದೇಶದಲ್ಲಿ ನಾಲ್ಕು ಹಳೆಯ ಮನೆಗಳನ್ನು ಮಾತ್ರ ಉಳಿಸಿ 2015ರಲ್ಲಿ ವಸ್ತುಸಂಗ್ರಹಾಲಯಗಳನ್ನಾಗಿ ತೆರೆದರು. ಅವುಗಳಲ್ಲಿ ಬಿನ್ ಜಲ್ಮೂದ್ ಮನೆಯ ಮುಂದೆ ವಿಚಾರವಂತನಾದ ಯಾವನೂ ಸ್ವಲ್ಪ ಹೊತ್ತು ನಿಲ್ಲದೆ ಹೋಗಲಾರ. ಗುಲಾಮರ ವ್ಯಾಪಾರದ ಇತಿಹಾಸವನ್ನು ಹೇಳುವುದಕ್ಕೆಂದೇ ಮೀಸಲಾದ ಮನೆ ಅದು. ಹಿಂದೂಮಹಾಸಾಗರದ ತೀರಗಳಿಂದ ತಂದ ಜೀತದಾಳುಗಳು ಮುತ್ತಿನ ದೋಣಿಗಳಿಂದ ಕಡಲಿಗೆ ಮುಳುಗಿ ದುಡಿದುದನ್ನೂ, 1952ರಲ್ಲಷ್ಟೇ ಈ ನೆಲದಲ್ಲಿ ಗುಲಾಮಗಿರಿ ರದ್ದಾದುದನ್ನೂ, ಕತಾರು ತನ್ನ ರಾಜಧಾನಿಯ ನಡುಮಧ್ಯದಲ್ಲಿ ಗೋಡೆಯ ಮೇಲೆ ಬರೆದು ಹಾಕಿದೆ. ಸ್ವಭಾವರಕ್ಷಣೆಯೆಂದರೆ ಸೊಬಗನ್ನು ಮಾತ್ರ ರಕ್ಷಿಸುವುದೆಂದು ತಿಳಿದವರಿಗೆ ಈ ಮನೆ ಉತ್ತರ ಕೊಡುತ್ತದೆ. ಕೇರಿಯ ಸ್ವಭಾವದಲ್ಲಿ ಅದರ ಪಾಪವೂ ಸೇರಿದೆ. ಪಾಪವನ್ನು ತೊಳೆದ ಮೇಲೆ ಉಳಿಯುವುದು ಅಲಂಕಾರ.

ಈ ಮಾತನ್ನು ನಾವು ನಮ್ಮ ಕಡೆಗೂ ತಿರುಗಿಸಿಕೊಳ್ಳದೆ ವಿಧಿಯಿಲ್ಲ. ವಲಯನಿಯಮದಲ್ಲಿ ನಮ್ಮ ಪೂರ್ವಿಕರನ್ನು ಮೀರಿಸಿದವರು ಯಾರಿದ್ದಾರೆ? ಊರಿನ ಯಾವ ದಿಕ್ಕಿನಲ್ಲಿ ಯಾವ ವರ್ಣದವರು ನೆಲೆಸತಕ್ಕುದೆಂಬುದನ್ನು ವಾಸ್ತುಗ್ರಂಥಗಳು ವಿಧಿಸಿದವು. ಅಗ್ರಹಾರದ ಶಾಂತಿ, ಶುಚಿ, ವೇದಘೋಷಗಳನ್ನು ಕುರಿತು ಹಂಬಲದಿಂದ ಬರೆಯುವವರು, ಆ ಶಾಂತಿ ಯಾರ ಪ್ರವೇಶವನ್ನು ತಡೆದುದರಿಂದ ಸಾಧ್ಯವಾಯಿತೆಂಬುದನ್ನು ಬರೆಯುವುದಿಲ್ಲ. ಹೊಲಗೇರಿಯನ್ನು ಊರಾಚೆ ಇಟ್ಟ ನಿಯಮವೂ ಊರಿನ ಸ್ವಭಾವವನ್ನು ಕಾಪಾಡುವ ನಿಯಮವೇ ಆಗಿತ್ತು. ಹೀಗಿರುವಾಗ ಕತಾರಿನ 2010ರ 15ನೆಯ ಕಾನೂನನ್ನು ಕುರಿತು ನಮ್ಮವರು ಮೇಲುಗೈಯ ದನಿಯಲ್ಲಿ ಮಾತನಾಡುವುದು ಒಪ್ಪದು. ಹಾಗೆಂದು ಮಾತನಾಡದೆಯೇ ಇರುವುದೂ ಒಪ್ಪದು. ಕುಟುಂಬಗಳು ವಾಸಿಸುವ ವಲಯಗಳೆಂದು ಗುರುತಿಸಿದ ಕಡೆ ಕಾರ್ಮಿಕರ ಗುಂಪಿಗೆ ಮನೆ ಬಾಡಿಗೆ ಕೊಡುವುದನ್ನು ಈ ಕಾನೂನು ನಿಷೇಧಿಸಿತು. 2019ರ ತಿದ್ದುಪಡಿ ಅದನ್ನು ಇನ್ನಷ್ಟು ಬಿಗಿಗೊಳಿಸಿತು. ಊರಲ್ಲಿ ಹೆಂಡತಿ ಇಬ್ಬರು ಮಕ್ಕಳನ್ನು ಬಿಟ್ಟು ಬಂದವನೂ ಇಲ್ಲಿ ‘ಬ್ಯಾಚುಲರ್’. ಬೆಡ್‌ಸ್ಪೇಸಿನ ಬಾಡಿಗೆಯಲ್ಲಿ, ಪಾರ್ಟಿಷನ್ ಹಾಕಿದ ಕೋಣೆಯಲ್ಲಿ ದಿನ ದೂಡುವ ಅವನು ಸನಯ್ಯದ ಕಡೆಗೆ, ಅಂದರೆ ಇಂಡಸ್ಟ್ರಿಯಲ್ ಏರಿಯಾದ ಕಡೆಗೆ, ಇಲ್ಲವೆ 2015ರಲ್ಲಿ ತೆರೆದ, ಸುಮಾರು 70,000 ಜನರಿಗೆಂದು ಕಟ್ಟಿದ ಲೇಬರ್ ಸಿಟಿಯ ಕಡೆಗೆ ಸಾಗಬೇಕು.

ನಿಯಮದ ಪರವಾಗಿ ಹೇಳಬಹುದಾದ್ದನ್ನು ಹೇಳಲೇಬೇಕು. ಒಂದು ವಿಲ್ಲಾದಲ್ಲಿ ಹತ್ತಾರು ಜನ ತುಂಬಿಕೊಂಡಾಗ ವಿದ್ಯುತ್ತಂತಿ ಸುಡುತ್ತದೆ, ಕಕ್ಕಸು ಕಟ್ಟಿಕೊಳ್ಳುತ್ತದೆ, ಬೆಂಕಿ ಬಿದ್ದರೆ ಹೊರಬರಲು ಬಾಗಿಲು ಸಾಲದು. ಅಂಥ ಮನೆಯಲ್ಲಿ ಲಾಭ ಮಾಡಿಕೊಳ್ಳುವವನು ಬಾಡಿಗೆಯವನಲ್ಲ, ಒಡೆಯನು. ಲೇಬರ್ ಸಿಟಿಯ ಹಾಸಿಗೆ ಅಸ್ಮಖಿನ ಹಾಸಿಗೆಗಿಂತ ಮೇಲಾದದ್ದೆಂಬುದರಲ್ಲಿಯೂ ಸಂದೇಹವಿಲ್ಲ. ಆದರೆ ನಿಯಮವು ನೋಡುವುದು ದಟ್ಟಣೆಯನ್ನು ಮಾತ್ರವಾಗಿದ್ದರೆ, ಇಂತಿಷ್ಟು ಚದರಡಿಗೆ ಇಂತಿಷ್ಟು ಜನವೆಂದು ಎಲ್ಲರಿಗೂ ಸಮಾನವಾಗಿ ಹೇಳಿ ಮುಗಿಸಬಹುದಿತ್ತು. ಅದು ಕುಟುಂಬಸ್ಥನೆಂದೂ ಕಾರ್ಮಿಕನೆಂದೂ ಮನುಷ್ಯನನ್ನು ಎರಡಾಗಿ ನೋಡುತ್ತದೆ, ನೆರೆಯವನಾಗುವ ಯೋಗ್ಯತೆ ಮೊದಲನೆಯವನಿಗೆ ಉಂಟು ಎರಡನೆಯವನಿಗೆ ಇಲ್ಲವೆನ್ನುತ್ತದೆ. ಹಳೆಯ ಫಕೀಹನ, ಅಂದರೆ ಧರ್ಮಜ್ಞನ, ಮುಂದೆ ಈ ಮೊಕದ್ದಮೆ ಹೋಗಿದ್ದರೆ, ಅವನು ಯಾವನ ಕಿಟಕಿ ಯಾವನ ಅಂಗಳವನ್ನು ನೋಡುತ್ತಿದೆ, ಯಾರಿಂದ ಯಾರಿಗೆ ಏನು ಹಾನಿಯಾಯಿತೆಂದು ಕೇಳುತ್ತಿದ್ದನೇ ಹೊರತು, ಇವನ ಹೆಂಡತಿ ಎಲ್ಲಿದ್ದಾಳೆಂದು ಕೇಳುತ್ತಿರಲಿಲ್ಲವೆಂದು ನನಗೆ ತೋರುತ್ತದೆ.

ನಮ್ಮ ಹಂಪೆಯಲ್ಲಿ ನಡೆದದ್ದೂ ಇದಕ್ಕೆ ದೂರವಲ್ಲ. 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಆ ಸ್ಥಳದ ರಕ್ಷಣೆಗೆಂದು 2002ರಲ್ಲಿ ಪ್ರತ್ಯೇಕ ಪ್ರಾಧಿಕಾರದ ಕಾಯಿದೆಯೇ ಆಯಿತು. ವಿರೂಪಾಕ್ಷ ದೇವಾಲಯದ ಮುಂದಣ ಬಜಾರಿನ ಕಲ್ಲುಮಂಟಪಗಳಲ್ಲಿ ಅಂಗಡಿ ಹೋಟಲು ಮನೆಗಳನ್ನು ಮಾಡಿಕೊಂಡಿದ್ದ ಜನರನ್ನು 2011ರ ಜುಲೈಯಲ್ಲಿ ಎಬ್ಬಿಸಿ, ಮಂಟಪಗಳ ನಡುವಿನ ಗೋಡೆಗಳನ್ನು ಯಂತ್ರದಿಂದ ಉರುಳಿಸಿದರು. ಅವರಿಗೆ ಕಡ್ಡಿರಾಂಪುರದಲ್ಲಿ ಜಾಗ ತೋರಿಸಿದರು. ಮಂಟಪಗಳಿಗೆ ಮೊಳೆ ಹೊಡೆದವರೂ ಸುಣ್ಣ ಬಳಿದವರೂ ಅವರಲ್ಲಿದ್ದರೆಂಬುದು ನಿಜ. ಆದರೆ ವಿಜಯನಗರದ ಕಾಲದಲ್ಲಿ ಆ ಬೀದಿ ಇದ್ದದ್ದೇ ಕೊಡುಕೊಳ್ಳುವುದಕ್ಕೆ. ಬಜಾರನ್ನು ಉಳಿಸುವ ಸಲುವಾಗಿ ಬಜಾರಿಗರನ್ನು ಓಡಿಸಿದ ಮೇಲೆ ಅಲ್ಲಿ ಸಾಲುಗಂಬಗಳು ಉಳಿದುವು. ಆ ಬೀದಿಯ ತುದಿಯಲ್ಲಿ ವಿರೂಪಾಕ್ಷನಿಗೆ ಇಂದಿಗೂ ತ್ರಿಕಾಲಪೂಜೆ ನಡೆಯುತ್ತಿದೆ. 1565ರ ನಾಶವನ್ನು ದಾಟಿ ಆ ಗುಡಿ ಬದುಕಿ ಬಂದದ್ದು ಜನ ಅಲ್ಲಿಗೆ ಹೋಗುವುದನ್ನು ಬಿಡಲಿಲ್ಲವೆಂಬ ಕಾರಣದಿಂದ. ಕತಾರಿನ ವಾಯವ್ಯ ತೀರದ ಝುಬಾರದಲ್ಲಿ ಇದರ ಇನ್ನೊಂದು ಮುಖವಿದೆ. ಹದಿನೆಂಟನೆಯ ಶತಮಾನದಲ್ಲಿ ಮುತ್ತಿನ ವ್ಯಾಪಾರದಿಂದ ಮೆರೆದು, 1811ರ ದಾಳಿಯಿಂದ ಮುರಿದು, ಕಡೆಗೆ ಜನರೆಲ್ಲ ಬಿಟ್ಟುಹೋದ ಆ ಪಟ್ಟಣ ಮರಳಿನಡಿ ಮುಚ್ಚಿದ್ದುದರಿಂದಲೇ ಕೆಡದೆ ಉಳಿದು, 2013ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಸಂಪೂರ್ಣ ರಕ್ಷಣೆ ಸಂಪೂರ್ಣ ನಿರ್ಜನತೆಯಲ್ಲಿ ಮಾತ್ರ ಸಾಧ್ಯವೆಂದಾದರೆ, ಜೀವಂತವಾದ ಕೇರಿಗೆ ಅದನ್ನು ಬಯಸುವುದು ಶಾಪವಲ್ಲದೆ ಮತ್ತೇನು?

ಇಲ್ಲಿ ಶರಣರ ಸ್ಥಾವರ ಜಂಗಮ ವಿವೇಕವನ್ನು ತಂದು, ಕಟ್ಟಡದ ಗೊಡವೆಯೇ ಬೇಡ, ನಡೆಯುವ ಮನುಷ್ಯನೇ ದೇಗುಲವೆಂದು ವಾದಿಸುವವರುಂಟು. ಬಾಯಿಗೆ ಸುಲಭವಾದ ಈ ವಾದದಲ್ಲಿ ಪೂರ್ತಿ ಹುರುಳಿಲ್ಲ. ಜಂಗಮಕ್ಕೂ ತಂಗುವ ಒಂದು ಮಠ ಬೇಕಾಯಿತು. ಕಲ್ಯಾಣವೆಂಬ ಊರಿನ ಹೆಸರಿಲ್ಲದೆ ಶರಣರ ಕಥೆಯನ್ನು ಹೇಳಲು ಬಾರದು. ಈ ಸತ್ಯ ಕತಾರಿನ ಹಿಂದೂವಿಗೆ ತಿಳಿದಷ್ಟು ಬೇರೆಯವರಿಗೆ ತಿಳಿಯದು. ಇಲ್ಲಿ ಕ್ರೈಸ್ತರಿಗೆ ಮಿಸೈಮೀರಿನಲ್ಲಿ ಅರಸರು ಕೊಟ್ಟ ನೆಲದಲ್ಲಿ ಆರಾಧನಾವಲಯವೊಂದಿದೆ. 2008ರಲ್ಲಿ ಮೊದಲ ಚರ್ಚು ತೆರೆಯಿತು, ಹೊರಗೋಡೆಯ ಮೇಲೆ ಶಿಲುಬೆಯಿಲ್ಲ, ಗಂಟೆಯಿಲ್ಲ, ಶುಕ್ರವಾರದ ಪೂಜೆಗೆ ಸಾವಿರಾರು ಮಂದಿ ಸೇರುತ್ತಾರೆ. ನಮ್ಮವರಿಗೆ ಸಾರ್ವಜನಿಕ ದೇವಾಲಯವಿಲ್ಲ. ಮನೆಯೊಳಗಿನ ಪೂಜೆಗೆ ಅಡ್ಡಿಯೂ ಇಲ್ಲ. ದೋಹಾದ ನಜ್ಮಾ ಬಡಾವಣೆಯ ಫ್ಲಾಟಿನ ಅಡುಗೆಮನೆಯ ಕಪಾಟಿನ ಮೇಲರೆಯಲ್ಲಿ, ಸಕ್ಕರೆ ಡಬ್ಬಿಯ ಪಕ್ಕಕ್ಕೆ ಕೃಷ್ಣನನ್ನು ಕೂರಿಸಿ, ಹೊಗೆಯ ಅಲಾರಂ ಕೂಗದಿರಲೆಂದು ಊದುಬತ್ತಿಯನ್ನು ಅರ್ಧಕ್ಕೇ ನಂದಿಸುವ ಗೃಹಿಣಿ ಸ್ಥಾವರವನ್ನು ತೃಣೀಕರಿಸುವವಳಲ್ಲ. ಬಾಲಾಲಯದಲ್ಲಿ ಪೂಜೆ ನಡೆಸುತ್ತಿದ್ದೇನೆಂದು ಅವಳಿಗೆ ಗೊತ್ತು. ಮೂಲಸ್ಥಾನ ಊರಿನಲ್ಲಿದೆ, ಒಂದು ದಿನ ಹಿಂದಿರುಗುವುದಿದೆ. ಕತಾರಿನ ನಮ್ಮ ಬಾಳೆಲ್ಲ ಈ ಲೆಕ್ಕದಲ್ಲಿಯೇ ನಡೆದಿರುವುದರಿಂದ, ಇಲ್ಲಿಯ ಕೇರಿ ಉರುಳಿದಾಗ ನಾವು ದನಿಯೆತ್ತಲಿಲ್ಲ. ನಮ್ಮದಲ್ಲದ ಊರಿನ ಕೇರಿಗೆ ನಾವೇಕೆ ಅಳಬೇಕೆಂದು ಸುಮ್ಮನಾದೆವು.

ಅಳಬೇಕಾಗಿಲ್ಲ, ಆದರೆ ಸಾಕ್ಷಿ ಹೇಳಬೇಕಾಗಿದೆ. ಮುಶೇರಿಬಿನ ಮನೆಗಳನ್ನು ಕೆಡಹುವಾಗ ದೊರೆತ ಬಿಟ್ಟುಹೋದ ಸಾಮಾನುಗಳನ್ನು ಆಯ್ದು ಇಟ್ಟಿದ್ದಾರೆ. ಉಳಿಸಿದ ನಾಲ್ಕು ಮನೆಗಳಲ್ಲೊಂದಾದ ಮೊಹಮದ್ ಬಿನ್ ಜಾಸಿಮ್ ಮನೆಯಲ್ಲಿ ಹಳೆಯ ಕೇರಿಯ ಕಥೆಯನ್ನು ಹೇಳುತ್ತಾರೆ. ಇನ್ನೊಂದಾದ ರದ್ವಾನಿ ಮನೆಯ ನೆಲವನ್ನು ಪುರಾತತ್ತ್ವಜ್ಞರು ಅಗೆದಾಗ ಹಳೆಯ ಬಾವಿಯೊಂದು ಸಿಕ್ಕಿತು. ಆ ಬಾವಿಯಿಂದ ಮೊದಲು ನೀರು ಸೇದಿದವರ ನೆನಪು ಅವರ ಮೊಮ್ಮಕ್ಕಳಲ್ಲಿದೆ. ಅದೇ ಕೇರಿಗಳಲ್ಲಿ ಕಡೆಯ ದಶಕಗಳಲ್ಲಿ ಬಾಡಿಗೆಗಿದ್ದವರ ನೆನಪು ಕುಂದಾಪುರ, ಭಟ್ಕಳ, ಕಾಸರಗೋಡುಗಳ ಮನೆಗಳಲ್ಲಿ ಚದುರಿದೆ. ಕೇರಿಯ ಕಲೆ ಹಿಂದಿರುಗಿ ಹೋಗಲು ಉಳಿದಿರುವ ಕುಂಭ ಇದೊಂದೇ. ಆದುದರಿಂದ ಈ ಕೇರಿಗಳಲ್ಲಿ ಬಾಳಿದವರಲ್ಲಿ ನನ್ನ ಪ್ರಾರ್ಥನೆ ಇಷ್ಟು: ಬಾಡಿಗೆಯ ರಸೀದಿಯಿರಲಿ, ಅಂಗಳದಲ್ಲಿ ನಿಂತು ತೆಗೆಸಿಕೊಂಡ ಚಿತ್ರವಿರಲಿ, ಮುಶೇರಿಬಿನ ವಿಳಾಸ ಹೊತ್ತ ಲಕೋಟೆಯಿರಲಿ, ಬಿಸಾಡಬೇಡಿರಿ. ಯಾವ ಓಣಿ, ಯಾವ ಮನೆ, ಕೋಣೆಯಲ್ಲಿ ಎಷ್ಟು ಜನ, ನಲ್ಲಿಗೆ ನೀರು ಯಾವ ಹೊತ್ತಿಗೆ ಬರುತ್ತಿತ್ತು, ನೆರೆಮನೆಯ ಕತಾರಿ ಮುದುಕ ಈದಿನ ದಿನ ಏನು ಕಳುಹಿಸುತ್ತಿದ್ದನೆಂಬುದನ್ನು ಕನ್ನಡದಲ್ಲಿಯೇ ಆಗಲಿ ತುಳು ಬ್ಯಾರಿಗಳಲ್ಲಿಯೇ ಆಗಲಿ ಬರೆದಿಡಿರಿ, ಬರೆಯಲಾರದವರು ಮಕ್ಕಳ ಮುಂದೆ ಹೇಳಿ ಧ್ವನಿಮುದ್ರಣ ಮಾಡಿಸಿರಿ; ದೋಹಾದ ಕರ್ನಾಟಕ ಸಂಘ, ತುಳುಕೂಟಗಳಂಥ ಸಂಸ್ಥೆಗಳು ಅವನ್ನು ಕೂಡಿಹಾಕಿ ಮುಶೇರಿಬಿನ ಮೊಹಮದ್ ಬಿನ್ ಜಾಸಿಮ್ ಮನೆಯ ಬಾಗಿಲಿಗೆ ಒಯ್ದು ಒಪ್ಪಿಸಲಿ.